ನೋಟಿಸ್ ಕೊಟ್ಟರೆ ಸೋರಿಕೆ ನಿಲ್ಲುವುದಿಲ್ಲ

ಟೋಟಲ್ ಕ್ವಾಲಿಟಿ ಮ್ಯಾನೇಜ್‌ಮೆಂಟ್ (ಟಿಕ್ಯೂಎಂ) ಎಂದ ಕೂಡಲೇ ಜಪಾನಿನ ಕಾರು ಕಾರ್ಖಾನೆ ಕಣ್ಣಮುಂದೆ ಬರುತ್ತದೆಯೇ ಹೊರತು ಪುರಸಭೆಯ ಖಾತೆ ವಿಭಾಗ ಬರುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಉದ್ಯಮಿಗಳಿಗೆ ಪಾಠ ಹೇಳಿದ್ದು, ಮರುವರ್ಷವೇ ಅವರ ಹೆಸರಿನ ಪ್ರಶಸ್ತಿಯನ್ನು ಜಪಾನೀಯರು ಶುರುಮಾಡಿದ್ದು, ಇದೆಲ್ಲ ತರಬೇತಿಗೆ ಹೋಗಿಬಂದ ಅಧಿಕಾರಿಗಳಿಗೆ ಬಾಯಿಪಾಠವಾಗಿರುವ ಕಥೆ. ಅಷ್ಟಾಗಿ ಯಾರೂ ಹೇಳದಿರುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಕಥೆ. ಅಲ್ಲಿ ಮೇಯರ್ ಆಗಿದ್ದ ಜೋಸೆಫ್ ಸೆನ್ಸೆನ್‌ಬ್ರೆನರ್ 1980ರ ದಶಕದಲ್ಲಿ ಡೆಮಿಂಗ್ ಅವರ ಮಾತು ಕೇಳಿ ಬಂದು, ಅದನ್ನು ತಮ್ಮ ನಗರಾಡಳಿತದಲ್ಲೇ ಮಾಡಿ ನೋಡಿದರು. ಮೊದಲು ಹಿಡಿದದ್ದು ನಗರಸಭೆಯ ವಾಹನ ರಿಪೇರಿ ಗ್ಯಾರೇಜನ್ನು. ಅದರ ವಿಚಾರ ಮುಂದೆ ಬರುತ್ತದೆ.

ನಾನು ರಾಜ್ಯದ ಕೆಲವು ಪುರಸಭೆಗಳಲ್ಲಿ ಮುಖ್ಯಾಧಿಕಾರಿಯಾಗಿದ್ದು ನಿವೃತ್ತನಾದವನು. ಟಿಕ್ಯೂಎಂ ಎಂಬ ಹೆಸರಿನ ಯೋಜನೆಯಾಗಲಿ ಅನುದಾನವಾಗಲಿ ನನಗೆ ಯಾವತ್ತೂ ಬರಲಿಲ್ಲ. ತರಬೇತಿಯಲ್ಲಿ ಕೇಳಿದ್ದರಲ್ಲಿ ಪುರಸಭೆಯ ಕಟ್ಟಡದೊಳಗೆ ಕಾಲೂರಿ ನಿಲ್ಲಬಲ್ಲದ್ದು ಯಾವುದು ಎಂದು ಹುಡುಕುತ್ತ ಹೋದೆ. ಹೊಸದಾಗಿ ಈ ಕುರ್ಚಿಗೆ ಬರುವವರಿಗೆ ಉಪಯೋಗವಾದೀತೆಂದು ಸಿಕ್ಕಷ್ಟನ್ನು ಇಲ್ಲಿ ಬರೆದಿದ್ದೇನೆ.

1. ಮನುಷ್ಯನ ಮೇಲೆ ಬರೆಯುವ ಮೊದಲು ಕಡತದ ಹಿಂದೆ ಹೋಗಿ

ನಮ್ಮಲ್ಲಿ ಏನೇ ಕೆಟ್ಟರೂ ಮೊದಲು ಹೊರಡುವುದು ಕಾರಣ ಕೇಳಿ ನೋಟಿಸ್. ನೋಟಿಸಿಗೆ ಒಂದು ಸಮಜಾಯಿಷಿ ಬರುತ್ತದೆ, ‘ಇನ್ನು ಮುಂದೆ ಹೀಗಾಗದಂತೆ ಎಚ್ಚರಿಕೆ ವಹಿಸುವುದು’ ಎಂಬ ಷರಾ ಬೀಳುತ್ತದೆ, ಕಡತ ಮುಗಿಯುತ್ತದೆ. ಮುಂದಿನ ತಿಂಗಳು ಅದೇ ತಪ್ಪು ಇನ್ನೊಂದು ಮೇಜಿನಲ್ಲಿ ಹುಟ್ಟುತ್ತದೆ.

ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಡಬ್ಬದಲ್ಲಿ ಬಿಳಿ ಮಣಿಗಳ ಜೊತೆ ನೂರಕ್ಕೆ ಇಪ್ಪತ್ತರಂತೆ ಕೆಂಪು ಮಣಿ. ಕೆಲಸಗಾರ 50 ಗುಳಿಗಳಿರುವ ಹಲಗೆಯನ್ನು ಅದರಲ್ಲಿ ಅದ್ದಿ ಎತ್ತಬೇಕು. ಕೆಂಪು ಮಣಿ ಬಂದರೆ ಅದು ಅವನ ದೋಷ. ಕಡಿಮೆ ಕೆಂಪು ತಂದವನಿಗೆ ಹೊಗಳಿಕೆ, ಹೆಚ್ಚು ತಂದವನಿಗೆ ಬೈಗುಳ. ಯಾರು ಎಷ್ಟೇ ಶ್ರದ್ಧೆಯಿಂದ ಅದ್ದಿದರೂ ಡಬ್ಬದಲ್ಲಿರುವುದು ತಾನೇ ಬರುವುದು? ನಮ್ಮ ಖಾತೆ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ಕಂಡಿಲ್ಲ.

ಖಾತೆ ಬದಲಾವಣೆಯ ಅರ್ಜಿ ಟಪಾಲಿನಲ್ಲಿ ಇನ್‌ವರ್ಡ್ ಆಗುತ್ತದೆ. ಅಲ್ಲಿಂದ ಮುಖ್ಯಾಧಿಕಾರಿಯ ಮೇಜಿಗೆ, ಸಹಿ ಬಿದ್ದು ಮ್ಯಾನೇಜರಿಗೆ, ಅವರಿಂದ ಕಂದಾಯ ಶಾಖೆಯ ಕೇಸ್‌ವರ್ಕರ್‌ಗೆ, ಸ್ಥಳ ತಪಾಸಣೆಗೆಂದು ಬಿಲ್ ಕಲೆಕ್ಟರ್‌ಗೆ, ವರದಿಗೆಂದು ಕಂದಾಯ ನಿರೀಕ್ಷಕರಿಗೆ, ತಿರುಗಿ ಕೇಸ್‌ವರ್ಕರ್, ತಿರುಗಿ ಮ್ಯಾನೇಜರ್, ಕೊನೆಗೆ ತಿರುಗಿ ಮುಖ್ಯಾಧಿಕಾರಿ. ಒಂದು ಊರಿನಲ್ಲಿ ವಿಲೇವಾರಿಯಾದ ಹಳೆಯ ಕಡತಗಳ ಒಂದು ಕಟ್ಟು ತೆಗೆಸಿ, ಯಾವ ಮೇಜಿಗೆ ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಟಿಪ್ಪಣಿ ಹಾಳೆಯ ಸಹಿಗಳ ಕೆಳಗಿನ ತಾರೀಕು ನೋಡಿ ಬರೆಸಿದೆ. ಕೆಲಸ ನಡೆದ ಹೊತ್ತೆಲ್ಲ ಕೂಡಿಸಿದರೂ ಒಂದು ಮಧ್ಯಾಹ್ನ ದಾಟುತ್ತಿರಲಿಲ್ಲ. ಆಕ್ಷೇಪಣೆಗೆ ಬಿಡಲೇಬೇಕಾದ ದಿನಗಳನ್ನು ಕಳೆದರೆ, ಉಳಿದದ್ದೆಲ್ಲ ಬರೀ ಕಾಯುವುದು.

ಕಾಯುತ್ತಿದ್ದದ್ದೂ ಹೆಚ್ಚಾಗಿ ಎರಡೇ ಕಡೆ. ಒಂದು, ಕೇಸ್‌ವರ್ಕರ್ ಕಡತ ಬಿಚ್ಚಿ ನೋಡಿದಾಗ ಇ.ಸಿ. (ಋಣಭಾರ ಪ್ರಮಾಣಪತ್ರ) ಇಲ್ಲ, ಇಲ್ಲವೇ ಚಾಲ್ತಿ ಸಾಲಿನ ತೆರಿಗೆ ರಸೀದಿ ಇಲ್ಲ. ಆಮೇಲೆ ಅರ್ಜಿದಾರರಿಗೆ ಪತ್ರ, ಅವರು ಬರುವವರೆಗೆ ಕಡತಕ್ಕೆ ನಿದ್ದೆ. ಎರಡು, ಬಿಲ್ ಕಲೆಕ್ಟರ್. ಅದರಲ್ಲೂ ಏಪ್ರಿಲ್ ತಿಂಗಳು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದರಿಂದ ಊರಿಗೆ ಊರೇ ಕೌಂಟರಿಗೆ ಬರುತ್ತದೆ. ಬಿಲ್ ಕಲೆಕ್ಟರುಗಳು ಚಲನ್ ಬರೆದುಕೊಡುತ್ತ ಕೂತಿರುತ್ತಾರೆ. ಸ್ಥಳ ತಪಾಸಣೆಗೆ ಹೋಗುವವರು ಯಾರು? ಮೇ ತಿಂಗಳಲ್ಲಿ ಅವರ ಮೇಲೆ ‘ವಿಳಂಬಕ್ಕೆ ಕಾರಣ ತಿಳಿಸಿ’ ಎಂದು ನೋಟಿಸ್ ಹೋಗುತ್ತಿತ್ತು. ಕಾರಣ ಗೋಡೆಯ ಕ್ಯಾಲೆಂಡರಿನಲ್ಲೇ ಇತ್ತು.

ಮಾಡಿದ್ದು ಇಷ್ಟೇ. ದಾಖಲೆ ಪರಿಶೀಲನೆಯನ್ನು ಕೇಸ್‌ವರ್ಕರ್ ಮೇಜಿನಿಂದ ಟಪಾಲು ಕಿಟಕಿಗೆ ತಂದೆವು. ಬೇಕಾದ ಕಾಗದಗಳ ಪಟ್ಟಿಯನ್ನು ಅರ್ಜಿಯ ಹಿಂಬದಿಗೇ ಅಚ್ಚು ಹಾಕಿಸಿ, ಒಂದೊಂದಕ್ಕೂ ಗುರುತು ಬಿದ್ದ ಮೇಲಷ್ಟೇ ಇನ್‌ವರ್ಡ್ ನಂಬರು. ಏಪ್ರಿಲ್‌ನಲ್ಲಿ ಚಲನ್ ಬರೆಯಲು ಬೇರೆ ಶಾಖೆಯವರನ್ನು ಕೂರಿಸಿದೆವು. ಮೊದಲ ಸಲ ಕಡತವನ್ನು ನಾನು ನೋಡಿ ಸಹಿ ಮಾಡುವ ಪದ್ಧತಿಯನ್ನೇ ತೆಗೆದೆವು. ‘ನಿಯಮಾನುಸಾರ ಕ್ರಮ ವಹಿಸಿ’ ಎಂದು ಬರೆಯುವುದರ ಹೊರತು ಅಲ್ಲಿ ನಾನು ಮಾಡುತ್ತಿದ್ದ ಘನಕಾರ್ಯ ಏನೂ ಇರಲಿಲ್ಲ.

2. ದೂರು ಕಡಿಮೆಯಾದರೆ ಹಿಗ್ಗಬೇಡಿ

ಪುರಸಭೆಗೆ ಬರುವವರನ್ನು ಗ್ರಾಹಕರು ಎಂದು ಕರೆಯಬೇಕೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಕರೆಯಬಹುದು, ತೊಂದರೆಯಿಲ್ಲ. ಆದರೆ ಅಂಗಡಿಯ ಗ್ರಾಹಕನಿಗೆ ಪಕ್ಕದ ಅಂಗಡಿಯಿದೆ. ನಮ್ಮವನಿಗೆ ಪಕ್ಕದ ಪುರಸಭೆ ಇಲ್ಲ. ಬೇಸತ್ತವನು ಬೇರೆ ಕಡೆ ಹೋಗುವುದಿಲ್ಲ, ಸುಮ್ಮನಾಗುತ್ತಾನೆ. ಹಾಗಾಗಿ ದೂರಿನ ರಿಜಿಸ್ಟರ್ ಖಾಲಿಯಾಗುವುದಕ್ಕೆ ಎರಡು ಕಾರಣ ಇರಬಹುದು: ಕೆಲಸ ಸರಿಯಾಗಿದೆ, ಇಲ್ಲವೇ ಜನ ಬೇಸತ್ತು ಸುಮ್ಮನಾಗಿದ್ದಾರೆ. ಎರಡಕ್ಕೂ ರಿಜಿಸ್ಟರ್ ಒಂದೇ ಥರ ಕಾಣುತ್ತದೆ. ನಾನು ನೋಡಿದ ಒಂದು ಊರಿನಲ್ಲಿ ಬೀದಿದೀಪದ ದೂರುಗಳು ಅತಿ ಕಡಿಮೆ ಬರುತ್ತಿದ್ದದ್ದು ಅತಿ ಕತ್ತಲೆಯಿದ್ದ ವಾರ್ಡಿನಿಂದ. ಬಡವರ ವಾರ್ಡು. ಹೇಳಿ ಪ್ರಯೋಜನವಿಲ್ಲ ಎಂದು ಅಲ್ಲಿಯವರಿಗೆ ಯಾವಾಗಲೋ ಗೊತ್ತಾಗಿಹೋಗಿತ್ತು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ಮಾಡಿದ್ದು ಇದಕ್ಕೆ ಉತ್ತರ. ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಡಿಗರು ಇಲಾಖೆಗಳ ಲೆಕ್ಕ ಬಿಟ್ಟು, ಮನೆಮನೆಗೆ ಹೋಗಿ ಜನರನ್ನೇ ಕೇಳಿ ಪಾಲಿಕೆ, ಜಲಮಂಡಳಿ, ವಿದ್ಯುತ್ ಮಂಡಳಿಗಳಿಗೆಲ್ಲ ಅಂಕಪಟ್ಟಿ ಕೊಟ್ಟರು. 1999 ಮತ್ತು 2003ರಲ್ಲಿ ಮತ್ತೆ ಕೊಟ್ಟರು. ಸಣ್ಣ ಊರಿಗೆ ಅಷ್ಟು ದೊಡ್ಡ ಸಮೀಕ್ಷೆ ಬೇಡ. ಮುಗಿದಿದೆ ಎಂದು ಬರೆದಿರುವ ದೂರುಗಳಲ್ಲಿ ಕೆಲವನ್ನು ಎತ್ತಿಕೊಂಡು, ಸಂಬಂಧವಿಲ್ಲದ ಶಾಖೆಯ ಒಬ್ಬರಿಂದ ಫೋನ್ ಮಾಡಿಸಿ ‘ಸರಿಹೋಯಿತಾ?’ ಎಂದು ಕೇಳಿಸಿದರೆ ಸಾಕು. ಮೊದಲ ತಿಂಗಳ ಉತ್ತರಗಳಿಗೆ ಎದೆ ಗಟ್ಟಿ ಮಾಡಿಕೊಂಡಿರಿ.

ಅಳತೆ ಎಂಬುದಕ್ಕೆ ಇನ್ನೊಂದು ಕೇಡು ಇದೆ. 2012ರ ಏಪ್ರಿಲ್‌ನಲ್ಲಿ ಸಕಾಲ ಜಾರಿಗೆ ಬಂದಾಗ ನನಗೆ ನಿಜವಾಗಿ ಖುಷಿಯಾಗಿತ್ತು. ಅರ್ಜಿಗೊಂದು 15 ಅಂಕಿಯ ಸಂಖ್ಯೆ, ಸೇವೆಗೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ದಿನ ಎಣಿಸುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹತ್ತಿದ್ದು ಆಗಲೇ, ಅದನ್ನು ಮರೆಯಬಾರದು. ಆದರೆ ನೌಕರರು ಬುದ್ಧಿವಂತರು. ಗಡುವಿನ ಹಿಂದಿನ ದಿನ ‘ದಾಖಲೆಗಳು ಪೂರ್ಣವಾಗಿಲ್ಲ’ ಎಂದು ಹಿಂಬರಹ ಕೊಟ್ಟರೆ ಅರ್ಜಿ ಗಡುವಿನೊಳಗೆ ವಿಲೇವಾರಿ! ಅಂಕಿ ಅಂಶದಲ್ಲಿ ನೂರಕ್ಕೆ ನೂರು. ಆದ್ದರಿಂದ ಎಷ್ಟು ದಿನದಲ್ಲಿ ವಿಲೇವಾರಿಯಾಯಿತು ಎಂದಷ್ಟೇ ಕೇಳಬೇಡಿ. ಹಿಂಬರಹ ಎಷ್ಟು, ಅದರಲ್ಲಿ ಕೊನೆಯ ಎರಡು ದಿನಗಳಲ್ಲಿ ಕೊಟ್ಟದ್ದೆಷ್ಟು ಎಂದೂ ಕೇಳಿ. ಆ ಪ್ರಶ್ನೆಯನ್ನು ಪ್ರತಿ ತಿಂಗಳೂ ಕೇಳುತ್ತಾರೆಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

3. ವಾಲ್ವ್ ತಿರುಗಿಸುವವನಿಗೆ ಕುರ್ಚಿ ಹಾಕಿ

ಇಷ್ಟೆಲ್ಲದರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಉತ್ತರ ಕರ್ನಾಟಕದ ಒಂದು ಪುರಸಭೆ. ಊರಿನ ಎತ್ತರದ ಭಾಗದಲ್ಲಿ ಒಂದು ಓಣಿಗೆ ನೀರು ಏರುವುದಿಲ್ಲ ಎಂದು ವರ್ಷಗಳಿಂದ ಗಲಾಟೆ. ಸಾಮಾನ್ಯ ಸಭೆಯಲ್ಲಿ ಆ ವಾರ್ಡಿನ ಸದಸ್ಯೆ ಕೊಡ ತಂದು ಮೇಜಿನ ಮೇಲೆ ಇಟ್ಟದ್ದೂ ಆಗಿತ್ತು. ದೊಡ್ಡ ವ್ಯಾಸದ ಪೈಪು ಹಾಕಬೇಕೆಂದು ಎಸ್ಟಿಮೇಟ್ ತಯಾರಾಗಿ ಅನುದಾನಕ್ಕೆ ಕಾಯುತ್ತಿತ್ತು. ಒಂದು ಸಂಜೆ ವಾಲ್ವ್‌ಮನ್‌ಗಳನ್ನೆಲ್ಲ ಕರೆಸಿ ಎಂಜಿನಿಯರ್ ಜೊತೆ ಕೂರಿಸಿದೆ. ಕೂರಿಸಿದೆ ಎನ್ನುವುದಕ್ಕೇ ಹೊತ್ತು ಹಿಡಿಯಿತು. ಕುರ್ಚಿ ಹಾಕಿಸಿದ್ದರೂ ಅವರು ಗೋಡೆಗೆ ಒರಗಿ ನಿಂತೇ ಇದ್ದರು. ಸಭಾಂಗಣದ ಕುರ್ಚಿಯಲ್ಲಿ ಅವರನ್ನು ಅದುವರೆಗೆ ಯಾರೂ ಕೂರಿಸಿರಲಿಲ್ಲ. ಯಾಕೆ ಕೂರಿಸಿರಲಿಲ್ಲ ಎಂಬುದನ್ನು ಈ ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು, “ಸಾಹೇಬ್ರ, ಬೈಯಂಗಿಲ್ಲ ಅಂದ್ರ ಒಂದ್ ಮಾತ್ ಹೇಳ್ತೀನ್ರಿ” ಎಂದರು.

“ಹೇಳ್ರಿ, ಯಾರೂ ಬೈಯಂಗಿಲ್ಲ.”

“ಆ ಓಣಿಗೆ ನೀರು ಏರಂಗಿಲ್ಲ ಅನ್ನೂದು ಸುಳ್ಳರಿ. ಏರತೈತಿ. ಕರೆಂಟ್ ಹೋದ ದಿನ ನೋಡ್ರಿ ಬೇಕಾರ, ಚೊಲೋ ಏರತೈತಿ.”

ಎಂಜಿನಿಯರ್ ಪೆನ್ನು ಕೆಳಗಿಟ್ಟರು. ಕೆಳಗಿನ ಓಣಿಗಳ ಮನೆಗಳಲ್ಲಿ ನಲ್ಲಿಗೇ ಮೋಟಾರು ಹಚ್ಚಿ ಎಳೆಯುತ್ತಿದ್ದರು. ಕರೆಂಟ್ ಇದ್ದಾಗ ನೀರೆಲ್ಲ ಕೆಳಗೇ ಹೋಗುತ್ತಿತ್ತು, ಇಲ್ಲದಾಗ ಮೇಲೇರುತ್ತಿತ್ತು. ಪೈಪಿನ ವ್ಯಾಸಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದು ಅವರಿಗೆ ಯಾವತ್ತಿನಿಂದಲೋ ಗೊತ್ತಿತ್ತು. ಹೇಳಿದರೆ ಮೋಟಾರು ಹಚ್ಚಿದವರ ಹೆಸರು ಹೇಳಿದ ಹಾಗಾಗುತ್ತದೆ, ಅವರಲ್ಲಿ ದೊಡ್ಡವರ ಮನೆಗಳೂ ಇವೆ, ತಾವು ಗುತ್ತಿಗೆಯ ಮೇಲಿರುವವರು. ಹಾಗಾಗಿ ಸುಮ್ಮನಿದ್ದರು. ಭಯವನ್ನು ಹೊರಹಾಕಿ ಎಂಬುದು ಡೆಮಿಂಗ್ ಅವರ 14 ಸೂತ್ರಗಳಲ್ಲಿ ಎಂಟನೆಯದು. ಓದುವಾಗ ಅದು ಉಪದೇಶದ ಹಾಗೆ ಕೇಳುತ್ತದೆ. ಆ ಸಂಜೆ ನೋಡಿದರೆ ಅದಕ್ಕೆ ಒಂದು ಪೈಪ್‌ಲೈನಿನಷ್ಟು ಬೆಲೆ ಇತ್ತು.

ಪರಿಹಾರವನ್ನೂ ಅವರೇ ಹೇಳಿದರು: ಕೆಳಗಿನ ವಾಲ್ವ್ ಮುಚ್ಚಿಟ್ಟು ಮೇಲಿನ ಓಣಿಗೆ ಮೊದಲು ಬಿಡುವುದು, ಅದು ತುಂಬಿದ ಮೇಲೆ ಕೆಳಗೆ ತೆರೆಯುವುದು. ಹಳೆಯ ಸಭಾ ನೋಟಿಸಿನ ಹಿಂಬದಿಯಲ್ಲಿ ಅವರು ಗೆರೆ ಎಳೆದು ತೋರಿಸಿದ ವಾಲ್ವ್‌ಗಳಲ್ಲಿ ಕೆಲವು ನಮ್ಮ ನಕ್ಷೆಯಲ್ಲೇ ಇರಲಿಲ್ಲ. ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಹೋದವು ಎಲ್ಲಿವೆ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅವರು ನಿವೃತ್ತರಾದರೆ ಊರಿನ ನಕ್ಷೆಯೇ ನಿವೃತ್ತಿಯಾಗುತ್ತಿತ್ತು.

ಇನ್ನೊಂದು ಕೆಲಸವನ್ನೂ ಅವರಿಗೇ ಒಪ್ಪಿಸಿದೆವು. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಮಾನಕ. ನಾವು ಅದನ್ನು ಪರೀಕ್ಷೆ ಮಾಡುತ್ತಿದ್ದದ್ದು ಟ್ಯಾಂಕಿನ ಬುಡದಲ್ಲಿ. ಅಲ್ಲಿ ಯಾವಾಗಲೂ ಸರಿಯಾಗೇ ಇರುತ್ತದೆ. ನೀರು ನಿಂತಾಗ ಖಾಲಿ ಪೈಪು ಸೋರುವ ಜೋಡಣೆಗಳಲ್ಲಿ ಚರಂಡಿಯನ್ನು ಒಳಗೆಳೆದುಕೊಳ್ಳುತ್ತದೆ; ನೋಡಬೇಕಾದದ್ದು ಕಟ್ಟಕಡೆಯ ಮನೆಯಲ್ಲಿ. ಆ ಪರೀಕ್ಷೆಯ ಪುಟ್ಟ ಪೆಟ್ಟಿಗೆಯನ್ನು ವಾಲ್ವ್‌ಮನ್‌ಗಳ ಕೈಗೇ ಕೊಟ್ಟೆವು. ನೀರಿಗೆ ಹನಿ ಬಿಟ್ಟರೆ ಹಳದಿ ತಿರುಗಬೇಕು, ತಿರುಗದಿದ್ದರೆ ಫೋನ್ ಮಾಡಬೇಕು. ಓದುಬರಹ ಅಷ್ಟಕ್ಕಷ್ಟೇ ಇದ್ದವರೂ ಇದನ್ನು ಎಂಜಿನಿಯರಿಗಿಂತ ಚೆನ್ನಾಗಿ ಮಾಡಿದರು.

4. ಸೋಮವಾರದ ಕಸಕ್ಕೆ ವಿವರಣೆ ಕೇಳಬೇಡಿ

ವಿಲೇವಾರಿ ಘಟಕಕ್ಕೆ ಬಂದ ಕಸದ ತೂಕ ದಿನವೂ ಏರಿಳಿಯುತ್ತದೆ. ಒಂದು ದಿನ ಇಳಿದರೆ ಹೆಲ್ತ್ ಇನ್‌ಸ್ಪೆಕ್ಟರಿಗೆ ಫೋನ್, ಏರಿದರೆ ಶಹಭಾಸ್. ಎರಡೂ ವ್ಯರ್ಥ. ತೂಕವನ್ನು ಒಂದು ಹಾಳೆಯಲ್ಲಿ ದಿನದಿನ ಚುಕ್ಕೆ ಇಟ್ಟು ಗೆರೆ ಕೂಡಿಸಿ, ಅಷ್ಟೇ. ಎರಡು ತಿಂಗಳಾದ ಮೇಲೆ ಯಾವುದು ಮಾಮೂಲಿ ಏರಿಳಿತ, ಯಾವುದು ನಿಜವಾಗಿ ಏನೋ ಆಗಿರುವುದು ಎಂದು ಕಣ್ಣಿಗೇ ಕಾಣುತ್ತದೆ. ಆಯುಧಪೂಜೆಯ ಮರುದಿನ ಬೂದುಗುಂಬಳ, ಬಾಳೆಕಂದು, ಹೂವಿನ ರಾಶಿ ಬೀಳುವುದು ಪಂಚಾಂಗದಲ್ಲೇ ಇದೆ. ಅದಕ್ಕೆ ಹೆಚ್ಚುವರಿ ಟ್ರ್ಯಾಕ್ಟರ್ ಹಿಂದಿನ ವಾರವೇ ಗೊತ್ತು ಮಾಡದೆ, ಮರುದಿನ ಪೌರಕಾರ್ಮಿಕರ ಮೇಲೆ ಕೂಗಾಡುವುದು ಅನ್ಯಾಯ.

5. ಅಗ್ಗದ ಪಂಪು ತುಟ್ಟಿ

ಈಗ ಮ್ಯಾಡಿಸನ್ನಿನ ಗ್ಯಾರೇಜು. ರಿಪೇರಿಗೆ ಬಿಟ್ಟ ವಾಹನಗಳು ದಿನಗಟ್ಟಲೆ ಬರುತ್ತಿರಲಿಲ್ಲ. ಮೆಕ್ಯಾನಿಕ್‌ಗಳ ಜೊತೆ ಕೂತು ನೋಡಿದರೆ, ಮಾದರಿ, ತಯಾರಕರು, ವರ್ಷ ಎಲ್ಲ ಸೇರಿ ನಗರಸಭೆಯ ಹತ್ತಿರ ಇದ್ದದ್ದು 440 ಬಗೆಯ ವಾಹನ. ಖರೀದಿಯ ದಿನ ಯಾವುದು ಅಗ್ಗವೋ ಅದನ್ನೇ ಕೊಳ್ಳುವುದು ಪದ್ಧತಿಯಾಗಿತ್ತು. ಬಿಡಿಭಾಗಗಳನ್ನು ಯಾರು ಎಲ್ಲಿಂದ ದಾಸ್ತಾನು ಮಾಡಬೇಕು? ಬಗೆಗಳನ್ನು ಕಡಿಮೆ ಮಾಡಿ, ಕೆಡುವ ಮೊದಲೇ ನೋಡಿಕೊಳ್ಳುವ ಪದ್ಧತಿ ತಂದ ಮೇಲೆ ಸರಾಸರಿ ಒಂಬತ್ತು ದಿನ ಹಿಡಿಯುತ್ತಿದ್ದ ರಿಪೇರಿ ಮೂರು ದಿನಕ್ಕೆ ಇಳಿಯಿತು.

ಇದನ್ನು ಓದಿದಾಗ ನನಗೆ ನಮ್ಮ ಪಂಪ್‌ಹೌಸ್ ನೆನಪಾಗದೆ ಇರಲಿಲ್ಲ. ನಾಲ್ಕು ಕೊಳವೆಬಾವಿಗೆ ನಾಲ್ಕು ಕಂಪನಿಯ ಮೋಟಾರು. ಆದರೆ ನಮ್ಮ ಕೈ ಕಟ್ಟಿದೆ. ದರ ಒಂದನ್ನೇ ನೋಡಿ ಕೊಳ್ಳಬೇಡಿ, ನಂಬಿಕೆಯ ಒಬ್ಬ ಸರಬರಾಜುದಾರನನ್ನು ಬೆಳೆಸಿಕೊಳ್ಳಿ ಎನ್ನುತ್ತಾರೆ ಡೆಮಿಂಗ್. ನಮ್ಮಲ್ಲಿ ಹಾಗೆ ಮಾಡಿದರೆ ಲೋಕಾಯುಕ್ತದವರು ಬರುತ್ತಾರೆ. 1999ರ ಪಾರದರ್ಶಕ ಕಾಯ್ದೆ ಬಂದದ್ದೇ ‘ನಂಬಿಕೆಯ ಸರಬರಾಜುದಾರ’ರ ಕಾಟಕ್ಕೆ. ಹಾಗಾಗಿ ಈ ವಿಷಯದಲ್ಲಿ ಡೆಮಿಂಗ್ ಅವರನ್ನು ಇದ್ದಹಾಗೇ ಪಾಲಿಸಲು ಹೋಗಬೇಡಿ. ಕಾಯ್ದೆಯೊಳಗೆ ಮಾಡಬಹುದಾದದ್ದು ಇದೆ. ಎಲ್-1, ಅಂದರೆ ಅತಿ ಕಡಿಮೆ ದರದವರು, ಯಾರಾಗುತ್ತಾರೆ ಎಂಬುದು ಟೆಂಡರ್ ತೆರೆದ ದಿನ ತೀರ್ಮಾನವಾಗುವುದಿಲ್ಲ, ಸ್ಪೆಸಿಫಿಕೇಷನ್ ಬರೆದ ದಿನ ಆಗುತ್ತದೆ. ಪಂಪಿನ ದಕ್ಷತೆ, ವೈಂಡಿಂಗ್, ಸ್ಥಳೀಯವಾಗಿ ಸರ್ವಿಸ್, ದೋಷ ಹೊಣೆಯ ಅವಧಿ, ಅಷ್ಟನ್ನೂ ಅಲ್ಲೇ ಬಿಗಿಯಾಗಿ ಬರೆಯಿರಿ. ಬರೆಯುವ ಮೊದಲು ಪಂಪ್ ಆಪರೇಟರನ್ನು ಕೇಳಿ, ಯಾವುದು ಎಷ್ಟು ಸಲ ಸುಟ್ಟಿತು ಎಂದು. ಅವನ ಡೈರಿ ಯಾವ ಕ್ಯಾಟಲಾಗಿಗಿಂತಲೂ ಮೇಲು. ಮೋಟಾರಿನ ಖರೀದಿ ಬೆಲೆಯನ್ನು ಅದು ನುಂಗುವ ಕರೆಂಟಿನ ಬಿಲ್ಲಿನ ಪಕ್ಕದಲ್ಲಿಟ್ಟು ಒಮ್ಮೆ ಸಭೆಗೆ ತೋರಿಸಿ. ಅಗ್ಗದ ಮಾತು ಅಲ್ಲಿಗೆ ನಿಲ್ಲುತ್ತದೆ.

6. ಬ್ಯಾನರ್ ಕಟ್ಟಬೇಡಿ

‘ಗುಣಮಟ್ಟವೇ ನಮ್ಮ ಗುರಿ’ ಎಂದು ಗೋಡೆಗೆ ಬರೆಸುವುದು, ಐಎಸ್‌ಒ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವುದು, ಕ್ವಾಲಿಟಿ ಸರ್ಕಲ್ ಉದ್ಘಾಟನೆಗೆ ಶಾಮಿಯಾನ ಹಾಕಿಸುವುದು, ಇವೆಲ್ಲ ಬೇಡ. ಘೋಷಣೆಗಳನ್ನು ತೆಗೆದುಹಾಕಿ ಎಂದು ಡೆಮಿಂಗ್ ಅವರೇ ಹತ್ತನೆಯ ಸೂತ್ರದಲ್ಲಿ ಹೇಳಿದ್ದಾರೆ.

7. ಸದಸ್ಯರಿಗೂ ಒಂದು ಕೆಲಸ ಉಳಿಯಬೇಕು

ಟಿಕ್ಯೂಎಂ ಪುಸ್ತಕಗಳಲ್ಲಿ ಚುನಾಯಿತ ಸದಸ್ಯರು ಬರುವುದೇ ಇಲ್ಲ. ಬಂದರೂ ‘ಮೇಲಿನವರ ಬದ್ಧತೆ’ ಎಂಬ ಒಂದು ಸಾಲಿನಲ್ಲಿ. ಪುರಸಭೆಯಲ್ಲಿ ಮೇಲಿನವರು ಯಾರು? ಮೂವತ್ತು ತಿಂಗಳಿಗೆ ಬದಲಾಗುವ ಅಧ್ಯಕ್ಷರೇ, ಜಿಲ್ಲಾಧಿಕಾರಿಗಳೇ, ಶಾಸಕರೇ?

ಇನ್ನೊಂದು ಸತ್ಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾತೆ ತಾನಾಗಿ ಆಗುವಂತಾದರೆ, ದೀಪ ತಾನಾಗಿ ಉರಿಯುವಂತಾದರೆ ವಾರ್ಡಿನ ಸದಸ್ಯನ ಮನೆ ಬಾಗಿಲಿಗೆ ಬೆಳಿಗ್ಗೆ ಯಾರೂ ಬರುವುದಿಲ್ಲ. ‘ಹೇಳಿ ಮಾಡಿಸಿಕೊಟ್ಟೆ’ ಎನ್ನಲು ಅವನಿಗೆ ಏನೂ ಉಳಿಯುವುದಿಲ್ಲ. ಸುಧಾರಣೆಗೆ ಅಡ್ಡಿ ಬರುವವರೆಲ್ಲ ಲಂಚದ ಆಸೆಯಿಂದ ಬರುತ್ತಾರೆ ಎಂದುಕೊಂಡರೆ ತಪ್ಪು. ಬಹಳಷ್ಟು ಮಂದಿಗೆ ಇದು ಅಸ್ತಿತ್ವದ ಪ್ರಶ್ನೆ. ಟಪಾಲು ಕಿಟಕಿಯಲ್ಲಿ ದಾಖಲೆ ಪರಿಶೀಲನೆ ತಂದಾಗ ನನಗೆ ಬಂದ ಮೊದಲ ವಿರೋಧ ನೌಕರರದ್ದಲ್ಲ, ಒಬ್ಬ ಹಿರಿಯ ಸದಸ್ಯರದ್ದು: “ನಮ್ಮ ಜನಾನ ಕಿಟಕಿಯಿಂದಾನೇ ವಾಪಸ್ ಕಳಿಸ್ತೀರಲ್ಲ ಸಾಹೇಬ್ರೆ, ಇನ್ನು ನಾನ್ಯಾಕೆ ಇಲ್ಲಿ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಆಮೇಲಿನಿಂದ ಫೋನಿನಲ್ಲಿ ಸದಸ್ಯರು ಹೇಳುವ ಪ್ರತಿ ಕೆಲಸವನ್ನೂ ಅವರ ಹೆಸರಿನಲ್ಲೇ ದೂರಿನ ರಿಜಿಸ್ಟರಿಗೆ ಏರಿಸಲು ಹೇಳಿದೆ. ತಿಂಗಳ ಸಾಮಾನ್ಯ ಸಭೆಗೆ ವಾರ್ಡುವಾರು ಪಟ್ಟಿ: ಬಂದದ್ದು, ಆದದ್ದು, ಮತ್ತೆ ಬಂದದ್ದು. ಯಾವ ವಾರ್ಡಿನಲ್ಲಿ ಒಂದೇ ಚರಂಡಿ ಮೂರು ಸಲ ಕಟ್ಟಿಕೊಂಡಿದೆ ಎಂದು ಕಾಗದದಲ್ಲಿ ಕಂಡ ಮೇಲೆ ಸಭೆಯ ಜಗಳದ ಧಾಟಿಯೇ ಬದಲಾಯಿತು. ‘ನನ್ನ ವಾರ್ಡಿಗೆ ಅನ್ಯಾಯ’ ಎನ್ನುತ್ತಿದ್ದವರು ‘ಅಲ್ಲಿ ಸ್ಲ್ಯಾಬ್ ಯಾಕೆ ಕುಸಿಯುತ್ತಿದೆ’ ಎಂದು ಕೇಳತೊಡಗಿದರು. ಎಲ್ಲರೂ ಅಲ್ಲ.

8. ನೀವು ವರ್ಗವಾದ ಮೇಲೂ ಇರುವುದನ್ನು ಮಾಡಿ

ಸೆನ್ಸೆನ್‌ಬ್ರೆನರ್ 1989ರ ಚುನಾವಣೆಯಲ್ಲಿ ಸೋತರು. ಗುಣಮಟ್ಟದ ಕೆಲಸಕ್ಕೆ ಓಟು ಬರುತ್ತದೆಂಬ ಖಾತ್ರಿ ಅಲ್ಲೂ ಇರಲಿಲ್ಲ. ನಮ್ಮಲ್ಲಂತೂ ಮುಖ್ಯಾಧಿಕಾರಿಯ ವರ್ಗಾವಣೆ ಆದೇಶ ಸಂಜೆ ಬಂದರೆ ಮರುದಿನ ಚಾರ್ಜ್ ಕೊಡಬೇಕು.

ನಾನು ಕೆಲಸ ಮಾಡಿದ ಊರುಗಳಿಗೆ ಮದುವೆ, ಮುಂಜಿ ಎಂದು ಹೋದಾಗ ಕಚೇರಿಯೊಳಕ್ಕೆ ಇಣುಕಿ ಬರುವ ಚಟ ನನಗಿದೆ. ಅರ್ಜಿಯ ಹಿಂಬದಿಯ ದಾಖಲೆ ಪಟ್ಟಿ ಒಂದು ಕಡೆ ಇನ್ನೂ ಇದೆ, ಯಾರೋ ಅದಕ್ಕೆ ಇ-ಖಾತೆಗೆ ಬೇಕಾದ ಎರಡು ಸಾಲು ಸೇರಿಸಿದ್ದಾರೆ. ಪಂಪಿನ ಸ್ಪೆಸಿಫಿಕೇಷನ್ ಉಳಿದಿದೆ, ಏಕೆಂದರೆ ಹಿಂದಿನ ಟೆಂಡರನ್ನೇ ನಕಲು ಮಾಡುವುದು ಎಲ್ಲರಿಗೂ ಸುಲಭ. ಮೇಲಿನ ಓಣಿಗೆ ಮೊದಲು ನೀರು ಬಿಡುವ ವೇಳಾಪಟ್ಟಿಯೂ ನಡೆಯುತ್ತಿದೆ; ಅದನ್ನು ಬದಲಿಸಿದರೆ ಸದಸ್ಯೆ ಮತ್ತೆ ಕೊಡ ತರುತ್ತಾರೆ. ವಾಲ್ವ್‌ಮನ್‌ಗಳ ಸಂಜೆಯ ಸಭೆ ಮಾತ್ರ ನಿಂತುಹೋಗಿದೆ. ನನ್ನ ನಂತರ ಬಂದವರನ್ನು ಇದಕ್ಕೆ ದೂರುವುದಿಲ್ಲ. ಆ ಸಭೆ ಯಾವ ನಮೂನೆಯಲ್ಲೂ ಇರಲಿಲ್ಲ, ಯಾವ ಠರಾವಿನಲ್ಲೂ ಇರಲಿಲ್ಲ, ಚಾರ್ಜ್ ಪಟ್ಟಿಯಲ್ಲೂ ಇರಲಿಲ್ಲ. ಚಾರ್ಜ್ ಪಟ್ಟಿಯಲ್ಲಿ ನಾವು ಬರೆಯುವುದು ಚೆಕ್ ಪುಸ್ತಕ, ಬೀಗದ ಕೈ, ಜೀಪಿನ ಸ್ಟೆಪ್ನಿ.

ನೀವು ಬರೆಯುವಾಗ ಇದನ್ನೂ ಸೇರಿಸಿ: ಪ್ರತಿ ತಿಂಗಳ ಯಾವ ದಿನ ಯಾರ ಜೊತೆ ಕೂರುತ್ತಿದ್ದೆವು, ಕಳೆದ ಸಲ ಅವರು ಹೇಳಿದ್ದರಲ್ಲಿ ಏನು ಮಾಡಲು ಬಾಕಿ ಉಳಿದಿದೆ. ಸಾಧ್ಯವಾದರೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ನಂಬರು ಹಾಕಿಸಿ. ನಂಬರಿರುವ ಕಾಗದವನ್ನು ನಿಲ್ಲಿಸಲು ನಮ್ಮ ಕಚೇರಿಗಳಲ್ಲಿ ಇನ್ನೊಂದು ನಂಬರಿರುವ ಕಾಗದ ಬೇಕಾಗುತ್ತದೆ, ಅಷ್ಟು ಶ್ರಮ ತೆಗೆದುಕೊಳ್ಳುವವರು ಕಡಿಮೆ.